ಮೈನಸ್ 48 ವೋಲ್ಟ್ ಎಂದರೇನು?

ಪ್ರಶ್ನೆ: ನಾವು ಅಳವಡಿಸಲಿರುವ ಮೈಕ್ರೋವೇವ್ ರೇಡಿಯೋಗೆ (ಆಂಟೆನಾಗಳ ನಡುವೆ ಸಂಕೇತ ಸಾಗಿಸುವ ದೂರಸಂಪರ್ಕ ಉಪಕರಣ) ಮೈನಸ್ 48 ವೋಲ್ಟ್ ಬೇಕಂತೆ. ಇದರ ಅರ್ಥವೇನು? ಅಲಾರಂ ಮತ್ತು ಆಂಟೆನಾ ಜೋಡಣೆಯಲ್ಲಿ ಯಾವ ಎಚ್ಚರಿಕೆ ಅಗತ್ಯ?

ಉತ್ತರ: ದೂರಸಂಪರ್ಕ ಉಪಕರಣಗಳಲ್ಲಿ ಬ್ಯಾಟರಿಯ ಧನ ತುದಿಯನ್ನು ಭೂಮಿಗೆ ಸೇರಿಸಿ, ಋಣ ತುದಿಯಿಂದ ವಿದ್ಯುತ್ ಪೂರೈಸುವುದು ರೂಢಿ; ಆ ತಂತಿ ಭೂಮಿಗಿಂತ 48 ವೋಲ್ಟ್ ಕೆಳಗಿರುವುದರಿಂದ ಮೈನಸ್ ಎನ್ನುತ್ತಾರೆ. ತೇವದಲ್ಲಿ ತಾಮ್ರದ ತಂತಿ ಸವೆಯುವುದನ್ನು ತಗ್ಗಿಸಲು ಹಳೆಯ ದೂರವಾಣಿ ಕೇಂದ್ರಗಳು ಅನುಸರಿಸಿದ ಪದ್ಧತಿಯೇ ಇಂದಿಗೂ ಉಳಿದುಬಂದಿದೆ. ಋಣ ತುದಿಯನ್ನು ವಾಹನದ ಲೋಹದ ಮೈಗೆ ಸೇರಿಸುವ ಕಾರಿನ ಬ್ಯಾಟರಿಗೆ ಒಗ್ಗಿದ ಕೈ ತಪ್ಪುವುದು ಇಲ್ಲಿಯೇ. ತಂತಿಯ ಬಣ್ಣವನ್ನು ನಂಬದೆ, ಮಲ್ಟಿಮೀಟರಿನಿಂದ ಧ್ರುವತೆಯನ್ನು (ಯಾವುದು ಧನ, ಯಾವುದು ಋಣ ಎಂಬುದನ್ನು) ಅಳೆದು ಖಚಿತಪಡಿಸಿಕೊಂಡ ನಂತರವೇ ಫ್ಯೂಸ್ ಹಾಕಿರಿ.

ಅಲಾರಂ ತುದಿಗಳು ಸಾಮಾನ್ಯವಾಗಿ ರಿಲೇಯ (ವಿದ್ಯುತ್ತಿನಿಂದ ತೆರೆದು ಮುಚ್ಚುವ ಸ್ವಿಚ್) ಬರಿಯ ಸಂಪರ್ಕಗಳಾಗಿದ್ದು, ತಾವಾಗಿ ವೋಲ್ಟೇಜ್ ಕೊಡುವುದಿಲ್ಲ. ಉಪಕರಣ ಸುಸ್ಥಿತಿಯಲ್ಲಿರುವಾಗ ಮುಚ್ಚಿದ್ದು, ದೋಷ ಬಂದಾಗಲೂ ವಿದ್ಯುತ್ ಹೋದಾಗಲೂ ತೆರೆದುಕೊಳ್ಳುವ ಜೋಡಿಯನ್ನು ಬಳಸುವುದು ಲೇಸು. ಆಗ ತಂತಿ ತುಂಡಾದರೂ ಅಲಾರಂ ಮೊಳಗುತ್ತದೆ.

ಒಳಘಟಕದಿಂದ ಆಂಟೆನಾದ ಬಳಿಯ ಹೊರಘಟಕಕ್ಕೆ ಏಕಾಕ್ಷ (ಕೋಆಕ್ಸಿಯಲ್) ಕೇಬಲ್ ಹೋಗುವ ಮಾದರಿಗಳಲ್ಲಿ ಸಂಕೇತದ ಜೊತೆಗೆ ವಿದ್ಯುತ್ತೂ ಅದರಲ್ಲೇ ಹರಿಯುವುದರಿಂದ, ಸ್ವಿಚ್ ಆಫ್ ಮಾಡದೆ ಕನೆಕ್ಟರ್ ಬಿಚ್ಚಬಾರದು. ಅಲ್ಲಿ 50 ಓಮ್ ಕೇಬಲ್ ಸೂಚಿಸಿದ್ದರೆ ಟಿವಿಯ 75 ಓಮ್ ಕೇಬಲ್ ಸಲ್ಲದು. ಹೊರಗಿನ ಕನೆಕ್ಟರಿಗೆ ನೀರುನಿರೋಧಕ ಟೇಪ್ ಸುತ್ತಿ, ಮಳೆನೀರು ತೊಟ್ಟಿಕ್ಕಿ ಹೋಗುವಂತೆ ಕೇಬಲ್ಲನ್ನು ಕೆಳಕ್ಕೆ ಬಾಗಿಸಿ ಒಳಗೆ ತನ್ನಿರಿ.