ಏಜ್ ಆಫ್ ಎಂಪೈರ್ಸ್ 2 ಕಂಪ್ಯೂಟರ್ ಆಟಕ್ಕೆ 15ನೇ ಶತಮಾನದ ತುಳುನಾಡಿನ ಕಟ್ಟಡಗಳ ಮಾಡ್ (ಆಟದ ಚಿತ್ರಗಳನ್ನು ಬದಲಿಸುವ ಸೇರ್ಪಡೆ) ಮಾಡುವಾಗ ಮನೆಗಳಿಗೆ ಕೆಂಪು ಹಂಚು ಹಾಕಬಹುದೇ?

ಬೇಡ. ಮಂಗಳೂರು ಹಂಚು ಬಂದದ್ದು ಕ್ರೈಸ್ತ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದ ಮೇಲೆ. ನಿಮ್ಮ ಕಾಲದ ಸಾಮಾನ್ಯ ಮನೆಗೆ ಮುಳಿಹುಲ್ಲಿನ ಮಾಡು (ಛಾವಣಿ), ಮಣ್ಣಿನ ಗೋಡೆ ಸಾಕು.

ಆದರೆ ಆಟದ ಮೊದಲ ಯುಗದಲ್ಲಿ ಎಲ್ಲ ನಾಗರಿಕತೆಗಳಿಗೂ ಹುಲ್ಲಿನ ಗುಡಿಸಲೇ. ಹಾಗಾಗಿ ಎರಡನೇ ಯುಗದಿಂದ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಪಂಚಾಂಗ (ಗೋಡೆಯ ಕೆಳಗಿನ ಅಡಿಪಾಯದ ಕಟ್ಟೆ), ಮರದ ಕಂಬಗಳ ಜಗಲಿ ಸೇರಿಸಿ. ಇಲ್ಲದಿದ್ದರೆ ಎದುರಾಳಿ ಯಾವ ಯುಗದಲ್ಲಿದ್ದಾನೆಂದು ಗೊತ್ತಾಗುವುದಿಲ್ಲ. ಮುರಕಲ್ಲು, ಕೆಂಪು ಬಣ್ಣ ಆರಿಸಿದ ಆಟಗಾರನ ಗುರುತಿನ ಜತೆ ಬೆರೆತುಹೋಗುತ್ತದೆ, ಅದನ್ನು ಕಂದು ಕಡೆಗೆ ತಿರುಗಿಸಿ.

ನಿಜವಾದ ತಲೆನೋವು ಸೂರು (ಮಾಡಿನ ಹೊರ ಅಂಚು). ನಮ್ಮ ಮಳೆಗೆ ಮಾಡು ಗೋಡೆಯಿಂದ ಬಹಳ ಹೊರಚಾಚಲೇಬೇಕು, ಆಟದಲ್ಲೋ ಮನೆಗೆ ಸಿಗುವುದು 2×2 ಚೌಕ, ಬ್ಯಾರಕ್ಸಿಗೆ (ಸೈನಿಕರ ಕಟ್ಟಡ) 3×3. ಸೂರು ಆ ಚೌಕದ ಗೆರೆ ದಾಟಿದರೆ ಪಕ್ಕದ ಮನೆಯೊಳಗೆ ನುಗ್ಗುತ್ತದೆ, ಹಿಂದೆ ನಿಂತ ಸೈನಿಕರು ಕಾಣುವುದಿಲ್ಲ. ಸೂರನ್ನು ಗೆರೆಗೆ ನಿಲ್ಲಿಸಿ, ಗೋಡೆಯನ್ನೇ ಒಳಗೆ ತಳ್ಳಿ.

ವಂಡರ್‌ಗೆ (ನಾಗರಿಕತೆಯ ಭವ್ಯ ವಿಶೇಷ ಕಟ್ಟಡ) ಮೂಡುಬಿದಿರೆಯ ಸಾವಿರ ಕಂಬದ ಬಸದಿ (1430) ಹೇಳಿಮಾಡಿಸಿದಂತಿದೆ: ಕೆಳಗೆ ಕಲ್ಲಿನ ಕಂಬಗಳು, ಮೇಲೆ ಅಂತಸ್ತಿನ ಇಳಿಜಾರು ಮಾಡು. ಕಾರ್ಕಳದ ಚತುರ್ಮುಖ ಬಸದಿ 1586ರದ್ದು; ಚಪ್ಪಟೆ ಮಾಡಿನಿಂದಾಗಿ ಮೇಲಿನಿಂದ ನೋಡಿದರೆ ಬರೀ ಪೆಟ್ಟಿಗೆ. ತಂಜಾವೂರಿನ ದೇವಸ್ಥಾನದ ವಿಮಾನವನ್ನಂತೂ (ಗರ್ಭಗುಡಿಯ ಮೇಲಿನ ಗೋಪುರ) ಇಲ್ಲಿಗೆ ತರಬೇಡಿ.

ಇನ್ನೊಂದು: ಆಟದಲ್ಲಿ ದ್ರಾವಿಡರು, ಬಂಗಾಳಿಗಳು, ಗುರ್ಜರರು ಒಂದೇ ದಕ್ಷಿಣ ಏಷ್ಯಾ ಕಟ್ಟಡಗಳ ಚಿತ್ರಗಳ ಕಟ್ಟನ್ನು ಹಂಚಿಕೊಂಡಿದ್ದಾರೆ. ಆ ಚಿತ್ರಗಳನ್ನು ಬದಲಿಸಿದರೆ ಬಂಗಾಳಿಗಳ ಊರೂ ಮೂಡುಬಿದಿರೆಯಾಗುತ್ತದೆ.