"ಆ ಹುಡುಗ ನನಗಿಂತ ಚೊಲೋ ಹಾಡ್ತಾನ್ರೀ"

ಹಾಡಿ ಹೆಸರು ಮಾಡಿದ ಮಕ್ಕಳು ಈ ವರ್ಷ ಆಪ್ತಸಲಹೆಗೆಂದು ನನ್ನ ಬಳಿ ಮೂವರು ಬಂದರು. ಮೊದಲಿಬ್ಬರ ಬಗ್ಗೆ ನಾನು ಬರೆಯಲಿಲ್ಲ. ಮೂರನೆಯವನ ಒಂದು ಮಾತು ಮಾತ್ರ ಇನ್ನೂ ನನ್ನ ತಲೆಯಿಂದ ಹೋಗಿಲ್ಲ. ಅವನನ್ನೂ ಅವನ ತಂದೆ ತಾಯಿಯನ್ನೂ ಕೇಳಿಯೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರ ಬದಲಿಸಿದ್ದೇನೆ. ಅವನನ್ನು ಮಲ್ಲು ಎಂದು ಕರೆಯೋಣ.

ಮಲ್ಲುಗೆ 14 ವರ್ಷ. ಉತ್ತರ ಕರ್ನಾಟಕದ ಒಂದು ಹಳ್ಳಿ. ಅಜ್ಜ ಗೀಗೀ ಪದ ಎಂಬ ಜನಪದ ಹಾಡಿನ ಮೇಳದಲ್ಲಿ ಹಾಡುತ್ತಿದ್ದವರು. 11ರ ವಯಸ್ಸಿನಲ್ಲಿ ಇವನು ಅಜ್ಜನ ಡಪ್ಪು ಹಿಡಿದು, ಮನೆಮುಂದಿನ ಕಟ್ಟೆಯ ಮೇಲೆ ಕೂತು ಒಂದು ಪದ ಹಾಡಿದ. ಸೋದರಮಾವ ಅದನ್ನು ಮೊಬೈಲಿನಲ್ಲಿ ಹಿಡಿದು ಯೂಟ್ಯೂಬಿಗೆ ಹಾಕಿದ. ಲಕ್ಷಗಟ್ಟಲೆ ಜನ ನೋಡಿದರು. ಅಪ್ಪ ಓಡಿಸುತ್ತಿದ್ದ ಟಂಟಂ ಆಟೋ ಮಾರಿ ಕ್ಯಾಮೆರಾ, ಮೈಕು ತಂದರು. ವಾರಕ್ಕೆ ಎರಡು ವಿಡಿಯೋ, ಬೇಸಿಗೆ ಬಂದರೆ ಜಾತ್ರೆಗಳ ಕಾರ್ಯಕ್ರಮ. ಎರಡು ವರ್ಷ ಮನೆ ನಡೆದದ್ದು ಅವನ ಗಂಟಲಿನಿಂದ.

ಆಮೇಲೆ ದನಿ ಒಡೆಯಿತು. ಗಂಡುಹುಡುಗರಿಗೆ ಸಾಮಾನ್ಯವಾಗಿ 12ರಿಂದ 14ರ ಹೊತ್ತಿಗೆ ಇದು ಶುರುವಾಗುತ್ತದೆ. ಗಂಟಲಿನ ಧ್ವನಿಪೆಟ್ಟಿಗೆ ದೊಡ್ಡದಾಗಿ, ಒಳಗಿನ ತಂತುಗಳು ಉದ್ದವೂ ದಪ್ಪವೂ ಆಗುತ್ತವೆ. ದನಿ ಹೆಚ್ಚುಕಡಿಮೆ ಒಂದು ಸಪ್ತಕ ಕೆಳಗಿಳಿಯುತ್ತದೆ. ಇಳಿದು ಕೂರುವವರೆಗೆ ತಿಂಗಳುಗಟ್ಟಲೆ ಒಡಕು ಇರುತ್ತದೆ. ಎಲ್ಲ ಮನೆಯಲ್ಲೂ ಆಗುವುದೇ, ಅಲ್ವಾ? ಆದರೆ ಈ ಮನೆಯಲ್ಲಿ ಅದೊಂದು ನಷ್ಟವಾಗಿ ಬಂತು. "ಮೊದಲಿನ ದನಿ ಎಲ್ಲಿ?" ಎಂದು ವಿಡಿಯೋ ಕೆಳಗೆ ಜನ ಬರೆದರು. ಮನೆಯಲ್ಲಿ ಜೇಷ್ಠಮಧು, ಬಿಸಿನೀರು, ದೇವರಿಗೆ ಹರಕೆ, ಎಲ್ಲವೂ ಆಯಿತು. ಕಿವಿ-ಮೂಗು-ಗಂಟಲು ಡಾಕ್ಟರು ಪರೀಕ್ಷೆ ಮಾಡಿ, ಯಾವ ಕಾಯಿಲೆಯೂ ಇಲ್ಲ, ಇದು ವಯಸ್ಸಿನದು ಎಂದರು. ಹುಡುಗ ಮಾತ್ರ ಮಾತೇ ನಿಲ್ಲಿಸಿದ್ದ. ಅದನ್ನು ನೋಡಿ ಅವರೇ ನನ್ನ ಬಳಿ ಕಳಿಸಿದರು.

"ಮಾತಾಡೂದ ಬಿಟ್ಟಾನ್ರೀ ಮೇಡಂ. ಕೈಸನ್ನಿ ಮಾಡ್ತಾನ," ಎಂದು ತಾಯಿ ಅತ್ತರು.

ಮೊದಲ ಎರಡು ಭೇಟಿಯಲ್ಲಿ ಅವನು ತಲೆಯಾಡಿಸಿದ, ಚೀಟಿಯಲ್ಲಿ ಒಂದೆರಡು ಪದ ಬರೆದ, ಅಷ್ಟೇ. ಗಂಡುಹುಡುಗರ ದನಿ ಹೀಗೇ ಬದಲಾಗುತ್ತದೆ ಎಂದು ನಾನೂ ಹೇಳಿದೆ. ಅದು ಅವನಿಗೆ ತಟ್ಟಲಿಲ್ಲ. ಡಾಕ್ಟರು ಹೇಳಿದ್ದನ್ನೇ ನಾನು ಮತ್ತೆ ಹೇಳುತ್ತಿದ್ದೆ. ಅವನ ದುಃಖ ಬೇರೆ ಎಲ್ಲೋ ಇತ್ತು.

ಮೂರನೇ ಸಲ ಬಂದಾಗ, "ತಮ್ಮಾ, ನಿನ್ನ ಹಾಡು ನಾ ಕೇಳೇ ಇಲ್ಲ ನೋಡು. ಒಂದು ತೋರಸ್ತೀಯೇನು?" ಎಂದೆ. ಫೋನು ತೆಗೆದ. ಹೊಸದು ತೋರಿಸಲಿಲ್ಲ. ಆ ಮೊದಲನೆಯದೇ, ಕಟ್ಟೆಯ ಮೇಲಿನದು. ಎರಡು ಹಲ್ಲು ದೊಡ್ಡದಾಗಿ ಕಾಣುವ ಪುಟ್ಟ ಹುಡುಗ, ಹಾರ್ಮೋನಿಯಂನ ನಾಲ್ಕನೇ ಕಪ್ಪು ಮನೆಯ, ಅಂದರೆ ಕಪ್ಪು ನಾಲ್ಕರ ಎತ್ತರದಲ್ಲಿ ಗಂಟೆಯಂಥ ದನಿ. ನಾನು ಫೋನು ನೋಡುವುದು ಬಿಟ್ಟು ಮಲ್ಲುವನ್ನು ನೋಡಿದೆ. ಅವನ ತುಟಿ ಅಲ್ಲಾಡುತ್ತಿತ್ತು, ದನಿ ಇಲ್ಲ.

ಹಾಡು ಮುಗಿಯಿತು. ಅವನು ಬಾಯಿಬಿಟ್ಟ. ಎಷ್ಟೋ ದಿನ ಬಳಸದ ದನಿ, ಒಡೆದು, ಮೇಲೆ ಹೋಗಿ ಕೆಳಗೆ ಬಿತ್ತು.

"ಆ ಹುಡುಗ ನನಗಿಂತ ಚೊಲೋ ಹಾಡ್ತಾನ್ರೀ."

ನಾನು ಸುಮ್ಮನಿದ್ದೆ. ಅವನು ತನ್ನ ಬಗ್ಗೆಯೇ ಹೀಗೆ, ಬೇರೆ ಯಾರ ಬಗ್ಗೆಯೋ ಎಂಬಂತೆ ಹೇಳಿದ್ದ. ಸ್ವಲ್ಪ ಹೊತ್ತಾದ ಮೇಲೆ, "ಆ ಹುಡುಗ ಯಾರಿಗೆ ಬೇಕು?" ಎಂದು ಕೇಳಿದೆ.

"ಎಲ್ಲಾರಿಗೂ."

"ನಿನಗ?"

"ನನಗೂ ಬೇಕ್ರೀ. ಅವ ಇದ್ದಾಗ ನಮ್ಮಪ್ಪ ನಗತಿದ್ದ."

ಆಮೇಲೆ ಉಳಿದದ್ದೆಲ್ಲ ಬಂತು. ಒಂದು ಜಾತ್ರೆಗೆ ಮುಂಗಡ ತೆಗೆದುಕೊಂಡಾಗಿತ್ತು. ದನಿ ಏಳಲಿಲ್ಲ. ಅಪ್ಪ ಹಳೆಯ ರೆಕಾರ್ಡಿಂಗ್ ಹಾಕಿಸಿದರು. ಮಲ್ಲು ಡಪ್ಪು ಹಿಡಿದು ನಿಂತು, ತನ್ನದೇ ಹಳೆಯ ದನಿಗೆ ತುಟಿ ಕೂಡಿಸಿದ. "ಮಂದಿ ಚಪ್ಪಾಳಿ ಹೊಡದ್ರು. ಆ ಹುಡುಗಗ ಹೊಡದ್ರು." ಆ ರಾತ್ರಿಯಿಂದ ಅವನು ಮಾತಾಡಿರಲಿಲ್ಲ.

ತಂದೆಯನ್ನು ಬೈಯಬೇಕು ಎಂದು ನಿಮಗೆ ಅನ್ನಿಸಬಹುದು. ನನಗೂ ಅನ್ನಿಸಿತ್ತು. ಆದರೆ ಎದುರಿಗೆ ಕೂತಾಗ ಕಂಡದ್ದು ಹೆದರಿದ ಒಬ್ಬ ಮನುಷ್ಯ. ಟಂಟಂ ಇಲ್ಲ, ಮುಂಗಡ ಖರ್ಚಾಗಿದೆ, ವಿಡಿಯೋ ನಿಂತರೆ ಜನ ಬೇರೆ ಹುಡುಗನ ಕಡೆ ಹೋಗುತ್ತಾರೆ. "ಮಂದಿ ಮರೀತಾರ್ರೀ ಮೇಡಂ," ಎಂದು ಮೂರು ಸಲ ಹೇಳಿದರು. ನಾನು ಅವರಿಗೆ ಸುಳ್ಳು ಸಮಾಧಾನ ಹೇಳಲಿಲ್ಲ. "ಹೌದು, ಮರೀಬಹುದು. ಮರೆತರೂ ಹುಡುಗ ಉಳೀಬೇಕಲ್ರೀ," ಎಂದೆ.

ನಾನು ಕೊಟ್ಟ ಸಲಹೆ ಇದು. ಜನರ ಎದುರು ಹಳೆಯ ದನಿಗೆ ತುಟಿ ಕೂಡಿಸುವುದು ಇನ್ನು ಬೇಡ, ಒಂದು ಸಲವೂ ಬೇಡ. ಆರು ತಿಂಗಳು ಹೊಸ ವಿಡಿಯೋ ಬೇಡ. ಕಮೆಂಟು ಹುಡುಗ ಓದುವುದು ಬೇಡ. ಹಾಡು ನಿಲ್ಲಿಸಬಾರದು. ಗಂಟಲು ನೋಯದ ಎತ್ತರದಲ್ಲಿ, ದಿನಕ್ಕೆ ಹತ್ತು ಹದಿನೈದು ನಿಮಿಷ ಮೆಲ್ಲಗೆ ಹಾಡಲಿ. ಹಳೆಯ ಎತ್ತರಕ್ಕೆ ಜಗ್ಗಬಾರದು. ಕೆಲವು ಹುಡುಗರು ಹಾಗೆ ಜಗ್ಗಿ ಜಗ್ಗಿ ಆ ಸಣ್ಣ ದನಿಯಲ್ಲೇ ಸಿಕ್ಕಿಕೊಳ್ಳುತ್ತಾರೆ. ಅದಕ್ಕೆ ಮಾತಿನ ಚಿಕಿತ್ಸೆ ಇದೆ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ಸಿಗುತ್ತದೆ. ಆದರೆ ಆ ಹಂತದವರೆಗೆ ಹೋಗಲು ಬಿಡುವುದು ಯಾಕೆ? ಇನ್ನು ಅಪ್ಪ ಮತ್ತೆ ದುಡಿಮೆಗೆ ಹೋಗಬೇಕು. ಇದನ್ನು ಹೇಳುವುದು ನನಗೆ ಕಷ್ಟವಾಯಿತು, ಆದರೂ ಹೇಳಿದೆ.

ಹಳೆಯ ವಿಡಿಯೋ ಅಳಿಸಿಬಿಡಲೇ ಎಂದು ಅಪ್ಪ ಕೇಳಿದರು. ಮಲ್ಲುವನ್ನೇ ಕೇಳಿ ಎಂದೆ. ಇರಲಿ, ಆದರೆ ಮೇಲೆ "11 ವರ್ಷದಾಗ ಹಾಡಿದ್ದು" ಎಂದು ಬರೆಯಬೇಕು ಎಂದ ಅವನು. ಇಷ್ಟು ಒಳ್ಳೆಯ ಉಪಾಯ ನನಗೆ ಹೊಳೆದಿರಲಿಲ್ಲ.

ಈ ಸಲಹೆ ನನ್ನ ಜೊತೆಯವರಲ್ಲೇ ಒಬ್ಬರಿಗೆ ಹಿಡಿಸಲಿಲ್ಲ. "ಬಡವರ ಮನೆಗೆ ಒಂದೇ ಬಾಗಿಲು ತೆರೆದಿತ್ತು, ನೀವು ಮುಚ್ಚಿದಿರಿ," ಎಂದರು. ನಾನು ಆ ಮಾತನ್ನು ತುಂಬಾ ದಿನ ಯೋಚಿಸಿದೆ. ನನ್ನ ನಂಬಿಕೆ ಬದಲಾಗಲಿಲ್ಲ. ಮಗು ಸಂತೋಷಕ್ಕೆ ಹಾಡಬಹುದು, ಹಾಡಿ ನಾಲ್ಕು ಕಾಸು ಬಂದರೂ ತಪ್ಪಿಲ್ಲ. ಮನೆಯ ಒಲೆ ಅವನ ಗಂಟಲ ಮೇಲೆ ಉರಿಯಬಾರದು. ಬಾಲಕಾರ್ಮಿಕ ಕಾಯ್ದೆಯ 2017ರ ನಿಯಮಗಳು 14 ವರ್ಷದೊಳಗಿನ ಕಲಾವಿದ ಮಕ್ಕಳ ಬಗ್ಗೆ ಹೇಳುವುದೂ ಇದೇ ದಾರಿಯ ಮಾತು. ದಿನಕ್ಕೆ 5 ಗಂಟೆಗಿಂತ ಜಾಸ್ತಿ ಕೆಲಸ ಬೇಡ, ಮಗುವಿನ ಮನಸ್ಸಿಗೆ ವಿರುದ್ಧವಾಗಿ ಮಾಡಿಸಬಾರದು, ಗಳಿಕೆಯಲ್ಲಿ ಕನಿಷ್ಠ ಶೇಕಡಾ 20 ಮಗುವಿನ ಹೆಸರಿನಲ್ಲೇ ಠೇವಣಿ ಇಡಬೇಕು. ಕಟ್ಟೆಯ ಮೇಲಿನ ಮೊಬೈಲಿಗೆ ಈ ನಿಯಮ ಎಷ್ಟು ತಾಕುತ್ತದೆ ಎಂಬ ವಾದ ನನಗೆ ಬೇಡ. ಮಲ್ಲುವಿನ ಹೆಸರಿನಲ್ಲಿ ಪಾಸ್‌ಬುಕ್ಕೇ ಇರಲಿಲ್ಲ. ಅದೊಂದನ್ನು ಮಾಡಿಸಿದೆವು.

ಮಕ್ಕಳ ಹಾಡು ಫೋನಿಗೆ ಹಾಕುವ ಅಪ್ಪ ಅಮ್ಮಂದಿರಿಗೆ ಒಂದು ಮಾತು ಹೇಳಬೇಕು. ಎಷ್ಟು ಜನ ನೋಡಿದರು ಎಂದು ಮಗುವಿನ ಎದುರು ದಿನಾ ಎಣಿಸಬೇಡಿ. ಆ ಲೆಕ್ಕ ಇಳಿದ ದಿನ ನಿಮ್ಮ ಮುಖವೂ ಇಳಿಯುತ್ತದೆ. ಮಗು ನೋಡುವುದು ಆ ಮುಖವನ್ನು. ಮಗು ಮಾತು, ಊಟ, ನಿದ್ದೆ ಬಿಟ್ಟಿದ್ದರೆ ತಡಮಾಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿಗೂ ಫೋನು ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ.

ನಾಲ್ಕನೇ ಭೇಟಿಗೆ ಅಜ್ಜನನ್ನೂ ಕರೆಸಿದ್ದೆ. ಎಲ್ಲವನ್ನೂ ಕೇಳಿ ಅವರು ಹೇಳಿದರು: "ನಮ್ಮ ಮ್ಯಾಳದಾಗ ದನಿ ಒಡದ ಹುಡುಗ್ರ ಕೈಯಾಗ ತುಂತುಣಿ ಕೊಡ್ತಿದ್ವಿ ಅಕ್ಕಾರ. ಹಿಂದ ನಿಂತು 'ಗೀಯ ಗಾ' ಅಂದ್ರ ಸಾಕು. ದನಿ ಕುಂದರೂತನ ಯಾರೂ ಏನೂ ಕೇಳ್ತಿರಲಿಲ್ಲ." ತುಂತುಣಿ ಅಂದರೆ ಒಂದೇ ತಂತಿಯ ವಾದ್ಯ, 'ಗೀಯ ಗಾ' ಹಿಮ್ಮೇಳದವರು ಹೇಳುವ ಪಲ್ಲವಿ. ನನ್ನ ಓದಿನಲ್ಲಿ ಇದು ಎಲ್ಲೂ ಇರಲಿಲ್ಲ. ಹಿಮ್ಮೇಳದಲ್ಲಿ ಒಡಕು ದನಿಗೂ ಜಾಗ ಇತ್ತು. ನಾಲ್ಕು ದನಿಯ ನಡುವೆ ಅದು ಮುಚ್ಚಿಹೋಗುತ್ತಿತ್ತು, ಹುಡುಗ ಹಾಡಿನಲ್ಲೇ ಉಳಿಯುತ್ತಿದ್ದ. ಮಲ್ಲು ಈಗ ಸೋಮವಾರದ ಭಜನೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತು ತಾಳ ಹಾಕುತ್ತಾನೆ. ಅಪ್ಪ ಬೇರೆಯವರ ಟಂಟಂ ಬಾಡಿಗೆಗೆ ಓಡಿಸುತ್ತಾರೆ.

ಕಳೆದ ತಿಂಗಳು ಹೊಸ ನಂಬರಿನಿಂದ ಒಂದು ಫೋನು ಬಂತು. ದಪ್ಪ ದನಿ. "ಯಾರ್ರೀ ಮಾತಾಡೂದು?" ಎಂದೆ.

"ನಾನ್ರೀ ಮೇಡಂ, ಮಲ್ಲು," ಎಂದು ನಕ್ಕ. "ಕಪ್ಪು ಒಂದಕ್ಕ ಬಂದು ನಿಂತೈತಿ ನೋಡ್ರೀ."

ಹಿಂದಿನಿಂದ ಅಪ್ಪನ ದನಿ ಕೇಳಿಸಿತು, ಈಗ ವಿಡಿಯೋ ಹಾಕಬಹುದೇನು ಕೇಳಲೇ ಎಂದು. ಅದನ್ನು ಮಲ್ಲುವನ್ನೇ ಕೇಳಲು ಹೇಳಿದೆ. ಅವನು ಇನ್ನೂ ಹೂಂ ಅಂದಿಲ್ಲ.