ಸಂಪಾದಕರ ಉತ್ತರ: ಹತ್ತೊಂಬತ್ತರ ರಾಣಿ ಕಣಜದ ಲೆಕ್ಕ ಕೇಳಬಾರದೇ?

ಮಾನ್ಯ ಮೇಷ್ಟ್ರೇ,

ಸಾಗರದಿಂದ ನೀವು ಬರೆದ ದೀರ್ಘ ಪತ್ರ ಕೈಸೇರಿತು. ಪೂರ್ತಿ ಅಚ್ಚು ಹಾಕಲು ಪುಟವಿಲ್ಲ. ಉಳಿದ ಓದುಗರಿಗಾಗಿ ಅದರ ಸಾರವನ್ನಷ್ಟೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಬರುತ್ತಿರುವ ಧಾರಾವಾಹಿ ನಿಮಗೆ ಒಗ್ಗುತ್ತಿಲ್ಲ. ಹತ್ತೊಂಬತ್ತರ ಹುಡುಗಿ ಪಟ್ಟಕ್ಕೆ ಬಂದ ತಿಂಗಳೊಳಗೆ ತಾತನ ಕಾಲದ ದಿವಾನರನ್ನು ನಿಲ್ಲಿಸಿ ಲೆಕ್ಕ ಕೇಳುವುದು ನಂಬುವಂತಿಲ್ಲ, ಇದೆಲ್ಲ ಇಂಗ್ಲಿಷ್ ಪುಸ್ತಕಗಳಿಂದ ಎತ್ತಿದ ಸರಕು ಎಂದಿದ್ದೀರಿ. ಮಾಯೆ, ಮಂತ್ರ ಎಂದು ಜಾಹೀರಾತು ಕೊಟ್ಟು ವಾರವಾರ ಭತ್ತ, ಉಪ್ಪು, ಸುಂಕ ಎಂದು ಕೊರೆಯುತ್ತಿದ್ದೀರಿ ಎಂದಿದ್ದೀರಿ. ರಾಣಿ ವಿಪರೀತ ಹಟಮಾರಿ ಎಂದಿದ್ದೀರಿ. ಕೆಳದಿ ಚೆನ್ನಮ್ಮಾಜಿ ನಮ್ಮ ಮನೆಬಾಗಿಲಲ್ಲೇ ಇರುವಾಗ ಇಲ್ಲದ ರಾಜ್ಯದ ಇಲ್ಲದ ರಾಣಿ ಯಾಕೆ ಬೇಕು ಎಂದೂ ಕೇಳಿದ್ದೀರಿ.

ವಯಸ್ಸಿನ ಮಾತು ಮೊದಲು. ನಿಮ್ಮೂರಿನಿಂದ ಘಟ್ಟ ಇಳಿದರೆ ಗೇರುಸೊಪ್ಪೆ. ಅಲ್ಲಿನ ಚೆನ್ನಭೈರಾದೇವಿಯ ಆಳ್ವಿಕೆ 1552ರಿಂದ 1606ರವರೆಗೆ ಎಂದು ನೀವೇ ಎಷ್ಟು ತರಗತಿಗಳಿಗೆ ಪಾಠ ಮಾಡಿದ್ದೀರೋ. ಐವತ್ತನಾಲ್ಕು ವರ್ಷ. ಸೆರೆಸಿಕ್ಕಾಗ ಆಕೆಗೆ ಎಪ್ಪತ್ತೈದಾಗಿತ್ತು ಎಂದುಕೊಂಡರೂ ಪಟ್ಟವೇರಿದಾಗ ಇಪ್ಪತ್ತೊಂದೇ ಆಗುತ್ತದೆ. ಆ ಹೊತ್ತಿಗೆ ಪೋರ್ಚುಗೀಸರು ಭಟ್ಕಳವನ್ನು ಸುಟ್ಟು ಹತ್ತು ವರ್ಷವಾಗಿತ್ತು. ಅವರ ರಹದಾರಿ ಚೀಟಿ ಇಲ್ಲದ ಹಡಗು ಕಡಲಲ್ಲಿ ಸಿಕ್ಕರೆ ಮಾಲೂ ಹೋಯಿತು, ಹಡಗೂ ಹೋಯಿತು. 1569ರಲ್ಲಿ ಹೊನ್ನಾವರವೂ ಅವರ ಕೈಸೇರಿತು. ಇಷ್ಟಾದರೂ ಕಾಳುಮೆಣಸು ಬೇಕೆಂದರೆ ಈಕೆಯ ಜೊತೆಗೇ ಮಾತಾಡಬೇಕಿತ್ತು. ‘ಮೆಣಸಿನ ರಾಣಿ’ ಎಂದು ಹೆಸರಿಟ್ಟವರು ಅವರೇ ತಾನೆ? ಯಾವ ಬಂದರಿಗೆ ಎಷ್ಟು ಮೂಟೆ ಇಳಿಯಿತು, ಯಾವ ವರ್ತಕನಿಗೆ ಯಾವ ಬೆಲೆ ಹೇಳಬೇಕು ಎಂಬುದು ತಿಳಿಯದ ಅರಸು ಆ ಕರಾವಳಿಯಲ್ಲಿ ಐದು ವರ್ಷ ಉಳಿದಿದ್ದರೆ ಹೆಚ್ಚು. ಕೊನೆಗೆ ಆಕೆಯನ್ನು ಇಕ್ಕೇರಿಯ ಸೆರೆಗೆ ಒಯ್ದವನು ಕೆಳದಿಯ ಅರಸು ವೆಂಕಟಪ್ಪನಾಯಕ, ನಿಮ್ಮೂರ ಕಡೆಯವನೇ.

ಇಂಗ್ಲಿಷ್ ಸರಕು ಎಂದಿರಲ್ಲ, ಅದನ್ನೂ ತಾಳೆ ನೋಡೋಣ. ಇಂಗ್ಲೆಂಡಿನ ಒಂದನೇ ಎಲಿಜಬೆತ್ ಪಟ್ಟಕ್ಕೆ ಬಂದದ್ದು 1558ರಲ್ಲಿ, ಇಪ್ಪತ್ತೈದನೇ ವಯಸ್ಸಿಗೆ. ತೀರಿಕೊಂಡದ್ದು 1603ರಲ್ಲಿ. ನಮ್ಮಾಕೆ ಅವಳಿಗಿಂತ ಮೊದಲು ಶುರುಮಾಡಿ ಆಮೇಲೆ ಮುಗಿಸಿದಳು. ಓರುಗಲ್ಲಿನ, ಅಂದರೆ ಇಂದಿನ ವಾರಂಗಲ್ಲಿನ, ರುದ್ರಮದೇವಿ ಇವರಿಬ್ಬರಿಗಿಂತ ಮುನ್ನೂರು ವರ್ಷ ಹಿಂದಿನವಳು. ಶಾಸನಗಳು ಆಕೆಯನ್ನು ‘ರುದ್ರದೇವ ಮಹಾರಾಜ’ ಎಂದೇ ಕರೆಯುತ್ತವೆ. ಹೆಣ್ಣು ಪಟ್ಟವೇರಿದಳೆಂದು ಸಾಮಂತರು ದಂಗೆಯೆದ್ದರು, ಆಕೆ ಅವರನ್ನು ಬಗ್ಗುಬಡಿದಳು. ಹೀಗಿರುವಾಗ ನಮ್ಮ ಲೇಖಕಿ ಲಂಡನ್ನಿನವರೆಗೆ ಕಡ ಕೇಳಲು ಹೋಗಬೇಕಾದ ಅಗತ್ಯವೇನು?

ಇನ್ನು ಭತ್ತ, ಉಪ್ಪಿನ ವಿಚಾರ. ಇದರಲ್ಲಿ ನಾನು ಪೂರ್ತಿ ಲೇಖಕಿಯ ಪರ. ಹಸ್ತಪ್ರತಿ ಬಂದಾಗ ನನ್ನನ್ನು ಹಿಡಿದು ಕೂರಿಸಿದ್ದೇ ಆ ಭಾಗ. ಅರ್ಧದಲ್ಲಿ ಸೇರಿದ ಓದುಗರಿಗಾಗಿ ಹೇಳುತ್ತೇನೆ: ಈ ಕಥೆಯಲ್ಲಿರುವ ಮಾಯೆ ಒಂದೇ ಒಂದು. ಬರೆದದ್ದು ಸುಳ್ಳಾದರೆ ಅದರ ಕೆಳಗೆ ಒತ್ತಿದ ರಾಜಮುದ್ರೆಯ ಅರಗು ಗಟ್ಟಿಯಾಗುವುದಿಲ್ಲ, ಹಸಿಹಸಿಯಾಗಿ ಜಾರುತ್ತದೆ. ಹಾರುವ ಕುದುರೆಯಿಲ್ಲ, ಬೆಂಕಿಯುಗುಳುವ ಪ್ರಾಣಿಯಿಲ್ಲ. ಇಷ್ಟೇನಾ ಎಂದು ನಿಮಗೆ ಅನ್ನಿಸಿತು. ಏಳನೇ ಕಂತನ್ನು ಇನ್ನೊಮ್ಮೆ ತೆಗೆದು ನೋಡಿ. ಮೂರು ತಲೆಮಾರು ಈ ಅರಗಿನ ಜೊತೆ ಬದುಕಿದ ಅಧಿಕಾರಿಗಳು ಸುಳ್ಳು ಬರೆಯುವುದನ್ನು ಎಂದೋ ಬಿಟ್ಟಿದ್ದಾರೆ, ಅರ್ಧ ಸತ್ಯ ಬರೆಯುವುದನ್ನು ಕಲಿತಿದ್ದಾರೆ. ‘ಕಣಜದಲ್ಲಿ ಮೂವತ್ತು ಸಾವಿರ ಖಂಡುಗ ಭತ್ತವಿದೆ’ ಎಂದು ದಿವಾನರು ಕಡತದಲ್ಲಿ ಬರೆಸುತ್ತಾರೆ. ಅರಗು ಕಲ್ಲಿನಂತೆ ಗಟ್ಟಿಯಾಗುತ್ತದೆ, ಸಭೆ ನಿಟ್ಟುಸಿರುಬಿಡುತ್ತದೆ. ರಾಣಿ ಎದ್ದವಳೇ ನೇರ ಕಣಜಕ್ಕೆ ನಡೆದು, ಸೆರಗು ಸಿಕ್ಕಿಸಿ, ಮೊಳಕೈ ಮುಚ್ಚುವವರೆಗೆ ಭತ್ತದ ರಾಶಿಗೆ ಕೈ ತೂರಿಸುತ್ತಾಳೆ. ಒಳಗೆ ಬಿಸಿ. ಹೊರತೆಗೆದ ಮುಷ್ಟಿಯಲ್ಲಿ ಕಾಳು ಅಂಟಂಟಾಗಿ ಮುಗ್ಗಲು ವಾಸನೆ ಹೊಡೆಯುತ್ತದೆ. ಭತ್ತ ಇದೆ ಎಂದದ್ದು ನಿಜ, ತಿನ್ನುವಂತಿದೆ ಎಂದು ಯಾರೂ ಬರೆದಿರಲಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಕಣಜ ಕಾದವರಿಗೆ ಆ ಬಿಸಿ ಏನೆಂದು ಬಿಡಿಸಿ ಹೇಳಬೇಕಿಲ್ಲ. ರಾಜಕೀಯ ಕಾದಂಬರಿ ಅನ್ನುವುದು ನನಗೆ ಇಂಥ ಪುಟಕ್ಕೆ. ದರ್ಬಾರಿನಲ್ಲಿ ಗಂಟೆಗಟ್ಟಲೆ ಸಂಭಾಷಣೆ ಹೊಡೆಯುವುದನ್ನು ರಾಜಕೀಯ ಎನ್ನುವವರು ಇದ್ದಾರೆ. ಅದು ಕಂಪನಿ ನಾಟಕಕ್ಕೆ ಚೆನ್ನ.

ರಾಣಿಯೊಬ್ಬಳು ಹೀಗೆ ಕಣಜಕ್ಕೆ ಇಳಿಯುವುದು ಅತಿಯಾಯಿತು ಎನ್ನುತ್ತೀರಾ? ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ 1623ರಲ್ಲಿ ಉಳ್ಳಾಲದ ರಾಣಿ ಅಬ್ಬಕ್ಕನನ್ನು ಕಂಡದ್ದನ್ನು ತನ್ನ ಪತ್ರಗಳಲ್ಲಿ ಬರೆದಿದ್ದಾನೆ. ಅವನು ನಿರೀಕ್ಷಿಸಿದ್ದು ಸಿಂಹಾಸನವನ್ನೋ ಪಲ್ಲಕ್ಕಿಯನ್ನೋ ಇರಬೇಕು. ಕಂಡದ್ದು ಸಾದಾ ಹತ್ತಿಬಟ್ಟೆ ಉಟ್ಟು, ಬರಿಗಾಲಲ್ಲಿ, ತಲೆಯ ಮೇಲೆ ತಾಳೆಗರಿಯ ಕೊಡೆ ಹಿಡಿಸಿಕೊಂಡು, ನೀರು ಹಾಯಿಸಲು ತಾನೇ ತೋಡಿಸುತ್ತಿದ್ದ ಕಾಲುವೆ ನೋಡಲು ಹೊರಟಿದ್ದ ಹೆಂಗಸನ್ನು. ನೋಡಿದರೆ ಅಡುಗೆಯವಳು ಅನ್ನಬೇಕು, ಬಾಯಿ ತೆರೆದರೆ ವಿವೇಕಿ ಅರಸಿ ಎಂಬರ್ಥದಲ್ಲಿ ಬರೆಯುತ್ತಾನೆ. ನಮ್ಮ ಊರುಗಳಲ್ಲಿ ಅಬ್ಬಕ್ಕನ ಪ್ರತಿಮೆಗಳಿಗೆ ಕತ್ತಿ, ಕುದುರೆ ಎರಡೂ ಸಿಕ್ಕಿವೆ. ಆ ಕೊಡೆ, ಆ ಕಾಲುವೆಗಳನ್ನು ಎಲ್ಲಾದರೂ ಯಾರಾದರೂ ನಿಲ್ಲಿಸಿದ್ದಾರೆಯೇ?

ಕಿತ್ತೂರನ್ನೇ ತೆಗೆದುಕೊಳ್ಳಿ. 1824ರ ಅಕ್ಟೋಬರಿನಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಗುಂಡಿಗೆ ಬಿದ್ದದ್ದು ಮಕ್ಕಳಿಗೂ ಬಾಯಿಪಾಠ. ಆ ಗುಂಡಿನ ಹಿಂದೆ ಇದ್ದದ್ದು ಕಂಪನಿ ಸರ್ಕಾರ ಒಪ್ಪದ ಒಂದು ದತ್ತಕ, ಬೊಕ್ಕಸದ ಬಾಗಿಲಿಗೆ ಬಿದ್ದ ಪರರ ಕಾವಲು. ಇದಕ್ಕೆ ನಮ್ಮ ನಾಟಕಗಳಲ್ಲಿ ಎರಡು ನಿಮಿಷವೂ ಸಿಗುವುದಿಲ್ಲ.

ಹನ್ನೊಂದನೇ ಕಂತಿನ ಕತ್ತಿವರಸೆಯ ಬಗ್ಗೆ ಮಾತ್ರ ನಿಮ್ಮದೂ ನನ್ನದೂ ಒಂದೇ ಅಭಿಪ್ರಾಯ. ಕಣಜದಲ್ಲಿ ಅಷ್ಟು ಚೆನ್ನಾಗಿ ನಿಂತ ಹುಡುಗಿ ಅಲ್ಲಿ ಯಾಕೆ ಹನ್ನೆರಡು ಜನರನ್ನು ಒಬ್ಬಳೇ ಹೊಡೆದಳೋ! ಲೇಖಕಿಗೂ ಹೇಳಿದೆ. ಅವರು ನಕ್ಕರು, ಬದಲಿಸಲಿಲ್ಲ. ಹಟ ನಾಯಕಿಯೊಬ್ಬಳಿಗೇ ಇಲ್ಲ, ನೋಡಿ.

ಹಟದ ಮಾತಿಗೆ ಬಂದೆ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಹೊತ್ತು ಕೂರಿಸಿದ ಆಕ್ಷೇಪ ಇದೇ. ಪಕ್ಕದ ರಾಜ್ಯದ ರಾಜಕುಮಾರನನ್ನು ಮದುವೆಯಾಗಲು ಒಪ್ಪಿದ್ದರೆ ಎಲ್ಲ ಸರಿಹೋಗುತ್ತಿತ್ತಲ್ಲ ಎಂದು ಕೇಳಿದ್ದೀರಿ. ಕಥೆಯಲ್ಲಿರುವ ದಿವಾನರೂ ಅದನ್ನೇ ಕೇಳುತ್ತಾರೆ. ಎಲಿಜಬೆತ್ ಪಟ್ಟಕ್ಕೆ ಬಂದ ಕೆಲವೇ ತಿಂಗಳಲ್ಲಿ ಅಲ್ಲಿನ ಪಾರ್ಲಿಮೆಂಟು ಮದುವೆಯಾಗಿ ಎಂದು ಬಿನ್ನಹ ಸಲ್ಲಿಸಿತು. ಆಕೆ ನಲವತ್ತನಾಲ್ಕು ವರ್ಷ ಆಗಲೂ ಇಲ್ಲ, ಆಗುವುದಿಲ್ಲ ಎಂದು ಬಾಗಿಲು ಹಾಕಲೂ ಇಲ್ಲ. ಉಳ್ಳಾಲದಲ್ಲಿ ಅಳಿಯಸಂತಾನ, ಪಟ್ಟ ಬರುವುದು ಹೆಣ್ಣಿನ ಕಡೆಯಿಂದ. ಆದರೂ ರಾಣಿಗೆ ಗಂಡ ಬಂಗರಸನ ಜೊತೆಗಿನ ಮನಸ್ತಾಪ ಮನೆಯೊಳಗೆ ಉಳಿಯಲಿಲ್ಲ. ಅದರಲ್ಲಿ ಪೋರ್ಚುಗೀಸರು ಕೈಹಾಕಿದರು, ಜಗಳ ಯುದ್ಧವಾಯಿತು. ರಾಣಿಯ ಮದುವೆ ಎಂದರೆ ಗಡಿ, ಬಂದರು, ಸೈನ್ಯ ಎಲ್ಲವೂ. ಅದಕ್ಕೇ ನಮ್ಮ ಲೇಖಕಿ ಅವಳ ‘ಆಗುವುದಿಲ್ಲ’ವನ್ನು ಪುಕ್ಕಟೆ ಬಿಟ್ಟಿಲ್ಲ. ಮದುವೆ ಮುರಿದ ವಾರವೇ ಪಕ್ಕದವರು ಘಟ್ಟದ ದಾರಿ ಮುಚ್ಚುತ್ತಾರೆ, ಉಪ್ಪು ನಿಲ್ಲುತ್ತದೆ. ಹದಿನಾಲ್ಕನೇ ಕಂತಿನಲ್ಲಿ ಬಾಣಂತಿಯೊಬ್ಬಳು ಉಪ್ಪಿಲ್ಲದ ಗಂಜಿಯ ಬಟ್ಟಲನ್ನು ಅರಮನೆಯ ಮೆಟ್ಟಿಲ ಮೇಲೆ ಇಟ್ಟು ಮಾತಿಲ್ಲದೆ ಹೋಗುತ್ತಾಳೆ. ರಾಣಿ ಮಾಡಿದ್ದು ಸರಿಯೇ ತಪ್ಪೇ ಎಂದು ಲೇಖಕಿ ತೀರ್ಪು ಕೊಡುವುದಿಲ್ಲ. ನೀವು ಕೊಟ್ಟಿದ್ದೀರಿ. ಅದು ನಿಮ್ಮ ಹಕ್ಕು. ಆದರೆ ಹಟದ ಬೆಲೆಯನ್ನು ಇಷ್ಟು ನಿಷ್ಠುರವಾಗಿ ತೋರಿಸಿದವರ ಮೇಲೆ ಹಟವನ್ನು ಹಾಡಿ ಹೊಗಳುತ್ತಾರೆಂಬ ಆರೋಪ ನಿಲ್ಲುವುದಿಲ್ಲ.

ನಿಮ್ಮ ಕೊನೆಯ ಪ್ರಶ್ನೆಗೂ ಇಲ್ಲೇ ಉತ್ತರವಿದೆ. ಚೆನ್ನಮ್ಮಾಜಿಯ ಬಗ್ಗೆ ಬರೆಯಬೇಡಿ ಎಂದು ನಾನು ಯಾರಿಗೂ ಹೇಳುವವನಲ್ಲ. 1671ರಲ್ಲಿ ಗಂಡ ಸೋಮಶೇಖರನಾಯಕನ ಕೊಲೆಯಾಯಿತು. ಸುತ್ತ ಪಟ್ಟಕ್ಕೆ ಕಾದು ಕೂತವರು. ಆಕೆ ಬಸಪ್ಪನನ್ನು ದತ್ತು ತೆಗೆದುಕೊಂಡು ಇಪ್ಪತ್ತೈದು ವರ್ಷ ಆಳಿದಳು. ಶಿವಪ್ಪನಾಯಕನ ಶಿಸ್ತು ಹಾಕಿಕೊಟ್ಟ ಕಂದಾಯದ ವ್ಯವಸ್ಥೆ ಕೈಯಲ್ಲಿತ್ತು, ಮಠಗಳಿಗೆ ಹೋದ ನಿರೂಪಗಳು, ಅಂದರೆ ಅರಸರ ಆಜ್ಞಾಪತ್ರಗಳು, ಶೃಂಗೇರಿಯ ಕಡತಗಳಲ್ಲಿ ಇಂದಿಗೂ ಇವೆ. 1689ರಲ್ಲಿ ಶಿವಾಜಿಯ ಮಗ ರಾಜಾರಾಮ ತಮಿಳುನಾಡಿನ ಜಿಂಜಿ ಕೋಟೆಯ ದಾರಿಯಲ್ಲಿ ಆಶ್ರಯ ಕೇಳಿ ಬಂದ. ಬೆನ್ನಿಗೆ ಔರಂಗಜೇಬನ ಪಡೆ. ಒಳಗೆ ಬಾ ಎನ್ನುವುದಕ್ಕೂ ಮುಂದೆ ಹೋಗು ಎನ್ನುವುದಕ್ಕೂ ನಡುವೆ ಆಕೆಯ ಸಭೆಯಲ್ಲಿ ಯಾರು ಏನೆಂದಿರಬಹುದು? ಕಾದಂಬರಿಕಾರನಿಗೆ ಇದಕ್ಕಿಂತ ಒಳ್ಳೆಯ ರಾತ್ರಿ ಸಿಗಲಾರದು. ಆದರೆ ಆ ಸಭೆಯಲ್ಲಿ ‘ಬೇಡ ತಾಯಿ, ಊರು ಉರಿಯುತ್ತದೆ’ ಎಂದ ಮಂತ್ರಿಯ ಮಾತಲ್ಲೂ ಹುರುಳಿತ್ತು ಎಂದು ಬರೆದು ನೋಡಲಿ. ಚೆನ್ನಮ್ಮಾಜಿ ಒಂದು ಗಳಿಗೆ ಹೆದರಿದಳು, ಅಳೆದು ಸುರಿದಳು, ಒಂದು ನಿರ್ಧಾರದಲ್ಲಿ ಎಡವಿದಳು ಎಂದು ಬರೆಯಲಿ. ಮಾರನೆಯ ಪೋಸ್ಟಿನಲ್ಲಿ ನನಗೆ ಎಷ್ಟು ಪತ್ರ ಬರುತ್ತವೆಂದು ನನಗೆ ಗೊತ್ತು, ಅದರಲ್ಲಿ ನಿಮ್ಮದೂ ಒಂದಿರುತ್ತದೆ. ಹಾರ ಹಾಕಿದ ರಾಣಿಯರಿಗೆ ತಪ್ಪು ಮಾಡುವ ಸ್ವಾತಂತ್ರ್ಯವನ್ನು ನಾವು ಉಳಿಸಿಲ್ಲ. ಇಲ್ಲದ ರಾಜ್ಯದ ರಾಣಿಗೆ ಆ ಸ್ವಾತಂತ್ರ್ಯ ಇನ್ನೂ ಇದೆ. ಲೇಖಕಿ ಅಲ್ಲಿಗೆ ಹೋದದ್ದು ಅದಕ್ಕೇ ಎಂದು ನನ್ನ ಲೆಕ್ಕ. ಕಂತು ಕಂತಾಗಿ ಓದಿದರೆ ಆ ಕಣಜ, ಆ ಕಡತ, ಆ ಅಳತೆಗಳೆಲ್ಲ ಮಲೆನಾಡಿನವೇ ಎಂದು ನಿಮಗೂ ಕಾಣುತ್ತದೆ, ನಕ್ಷೆಯಲ್ಲಿ ಊರಿನ ಹೆಸರು ಬೇರೆ ಇರಬಹುದು.

ನಕ್ಷೆ ಎಂದಾಗ ನೆನಪಾಯಿತು, ಘಟ್ಟದ ದಾರಿಗಳು ತಲೆಗೆ ಹತ್ತುತ್ತಿಲ್ಲ ಎಂದಿದ್ದಿರಿ. ಮುಂದಿನ ಸಂಚಿಕೆಯಲ್ಲಿ ಅರ್ಧ ಪುಟದ ನಕ್ಷೆ ಹಾಕುತ್ತಿದ್ದೇವೆ. ರಾಣಿ ಬದುಕುತ್ತಾಳೋ ಇಲ್ಲವೋ ಎಂದು ನಿಮ್ಮ ಮನೆಯವರು ಕೇಳಿದ್ದಾರಂತೆ. ಅದನ್ನು ಮಾತ್ರ ಹೇಳಲಾರೆ. ಈ ಕಾದಂಬರಿ ನಿಲ್ಲಿಸದಿದ್ದರೆ ಚಂದಾ ನಿಲ್ಲಿಸುತ್ತೇನೆ ಎಂದು ಪತ್ರದ ಅಂಚಿನಲ್ಲಿ ಬರೆದಿದ್ದೀರಿ. ನಮ್ಮ ಕಚೇರಿಯ ಪುಸ್ತಕದ ಪ್ರಕಾರ ನಿಮ್ಮ ಚಂದಾ ಡಿಸೆಂಬರ್‌ವರೆಗಿದೆ, ಧಾರಾವಾಹಿ ಅಕ್ಟೋಬರ್‌ಗೇ ಮುಗಿಯುತ್ತದೆ. ಆಮೇಲೆ ನಿಮ್ಮಿಷ್ಟ.

ನಮಸ್ಕಾರಗಳೊಂದಿಗೆ,
ಸಂಪಾದಕ